ಅತಿಥಿ ಬಿಟ್ಟುಹೋದ ಟಿಪ್ಪಣಿ

ಹೊರದೇಶದ ಸಂಶೋಧಕರು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲವು ತಿಂಗಳು ಕೂತು ಕೆಲಸ ಮಾಡಲು ಸಾಮಾನ್ಯವಾಗಿ ಎರಡು ದಾರಿ. ಮೊದಲನೆಯದು ಸಬ್ಯಾಟಿಕಲ್: ಸಂಬಳ ಅವರ ಊರಿನ ವಿಶ್ವವಿದ್ಯಾಲಯದ್ದು, ಕೆಲಸ ಇಲ್ಲಿಯದು. ಎರಡನೆಯದು ಫೆಲೋಶಿಪ್: ಖರ್ಚು ಕರೆದವರದೋ ಮೂರನೆಯವರದೋ. ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕೆಂಬ ಯಹೂದಿ ಕಟ್ಟಳೆಯಿಂದ ಸಬ್ಯಾಟಿಕಲ್ ಎಂಬ ಹೆಸರು ಬಂತು. ಪಾಠ ಹೇಳುವವರ ತಲೆಗೂ ಆ ಬಿಡುವು ಬೇಕೆಂದು ಹಾರ್ವರ್ಡ್ 1880ರಲ್ಲಿ ಇದನ್ನು ಜಾರಿಗೆ ತಂದಿತು. ಭಾರತದಲ್ಲಿ ಯುಜಿಸಿ ನಿಯಮದಂತೆ ಏಳು ವರ್ಷ ಸೇವೆ ಸಲ್ಲಿಸಿದ ಪ್ರಾಧ್ಯಾಪಕ, ಸಹಪ್ರಾಧ್ಯಾಪಕರಿಗೆ ಒಂದು ಸಲಕ್ಕೆ ಒಂದು ವರ್ಷ, ಇಡೀ ಸೇವಾವಧಿಯಲ್ಲಿ ಎರಡು ವರ್ಷ ಮೀರದಂತೆ ಈ ರಜೆ ಸಿಗುತ್ತದೆ.

ಫೆಲೋಶಿಪ್ಪಿನ ದುಡ್ಡಿಗೆ ವಿಚಿತ್ರವಾದ ಚರಿತ್ರೆಯೂ ಉಂಟು. ಪಿಎಲ್-480 ಯೋಜನೆಯಲ್ಲಿ ಭಾರತ ಅಮೆರಿಕದ ಗೋಧಿಗೆ ರೂಪಾಯಿಯಲ್ಲೇ ಬೆಲೆ ಕೊಡುತ್ತಿತ್ತು. ಆ ರೂಪಾಯಿ ಅಮೆರಿಕದ ಲೆಕ್ಕದಲ್ಲಿ ಇಲ್ಲೇ ಉಳಿಯುತ್ತಿತ್ತು. 1961ರಲ್ಲಿ ಹುಟ್ಟಿದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ತನ್ನ ಫೆಲೋಗಳನ್ನು ಸಾಕಿದ್ದರಲ್ಲಿ ಈ ಗೋಧಿ ದುಡ್ಡಿನ ಪಾಲು ದೊಡ್ಡದು. ಅದೇ ಸಂಸ್ಥೆ ಮೈಸೂರಿನಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುತ್ತ ಬಂದಿದೆ. 1950ರ ಒಪ್ಪಂದದಿಂದ ಶುರುವಾದ ಫುಲ್‌ಬ್ರೈಟ್ ಯೋಜನೆಗೆ ಭಾರತವೂ ಸಮಪಾಲು ಹಾಕುವುದೆಂದು 2008ರಲ್ಲಿ ತೀರ್ಮಾನವಾದ ಮೇಲೆ ನೆಹರೂ ಹೆಸರೂ ಸೇರಿತು.

ದುಡ್ಡು ಹೊಂದಿಸುವುದಕ್ಕಿಂತ ಆಶ್ರಯ ಹೊಂದಿಸುವುದು ಕಷ್ಟ. ಸಂಶೋಧನಾ ವೀಸಾ ಬೇಕಾದರೆ ಇಲ್ಲಿನ ಸಂಸ್ಥೆಯೊಂದು ‘ಇವರು ನಮ್ಮವರು’ ಎಂದು ಸಂಯೋಜನೆಯ ಪತ್ರ ಕೊಡಬೇಕು. 180 ದಿನಕ್ಕಿಂತ ಹೆಚ್ಚು ಇರುವವರು ಬಂದಿಳಿದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ದಾಖಲಾಗಬೇಕು. ಪತ್ರವೇನೋ ಒಂದು ಹಾಳೆ. ಅದರ ಹಿಂದೆ ಗ್ರಂಥಾಲಯ, ವಸತಿ, ಜೊತೆಗೆ ಕೂತು ಮಾತಾಡುವ ನಾಲ್ಕು ಜನ ಇಲ್ಲದಿದ್ದರೆ ಅತಿಥಿ ಬಂದೂ ಬಾರದ ಹಾಗೆ.

ಬಂದವರನ್ನು ಉಳಿಸಿಕೊಳ್ಳಲಾಗದ ಪ್ರಸಂಗ ಬೆಂಗಳೂರಿನದು. ನಾತ್ಸಿಗಳ ಕಾಟದಿಂದ ಜರ್ಮನಿ ಬಿಟ್ಟ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಆರು ತಿಂಗಳ ಮಟ್ಟಿಗೆ ಕರೆಸಿಕೊಂಡರು. ಕಾಯಂ ಪ್ರಾಧ್ಯಾಪಕರನ್ನಾಗಿ ಮಾಡುವ ಆಸೆ ರಾಮನ್‌ಗಿತ್ತು. ಆದರೆ ಬಾರ್ನ್ ಕೂಡ ಕೂತಿದ್ದ ಸಭೆಯಲ್ಲೇ ಆಸ್ಟನ್ ಎಂಬ ಇಂಗ್ಲೆಂಡಿನ ಪ್ರಾಧ್ಯಾಪಕರು ಎದ್ದು, ಸ್ವದೇಶದಿಂದ ಹೊರದೂಡಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಬಾರ್ನ್ 1936ರಲ್ಲಿ ಎಡಿನ್‌ಬರೊ ಸೇರಿದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಸಂಸ್ಥೆ ಕಳೆದುಕೊಂಡದ್ದು ಒಬ್ಬ ವ್ಯಕ್ತಿಯನ್ನಷ್ಟೇ ಅಲ್ಲ, ಅವರ ಸುತ್ತ ಬೆಳೆಯಬಹುದಾಗಿದ್ದ ಶಿಷ್ಯರ ಒಂದು ತಲೆಮಾರನ್ನು.

ಅತಿಥಿಯಿಂದ ಪಡೆಯಬೇಕಾದ್ದನ್ನು ಪೂರ್ತಿ ಪಡೆದದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್. ಹೋಮಿ ಭಾಭಾ 1945ರಲ್ಲಿ ಇದನ್ನು ಬೆಂಗಳೂರಿನಲ್ಲಿ ಆರಂಭಿಸಿ, ಅದೇ ವರ್ಷ ಮುಂಬಯಿಗೆ ತಂದರು. ಈಗ ಅದು ಕೊಲಾಬಾದ ತುದಿಯಲ್ಲಿ, ನೇವಿ ನಗರದ ಸಮುದ್ರದಂಚಿನಲ್ಲಿದೆ. 

ಗಣಿತ ವಿಭಾಗ ಕಟ್ಟಿದ ಕೆ. ಚಂದ್ರಶೇಖರನ್ ಸರಳವಾದ ಒಂದು ಪದ್ಧತಿ ಹಾಕಿದರು. ಜಗತ್ತಿನ ದೊಡ್ಡ ಗಣಿತಜ್ಞರನ್ನು ಕರೆಸುವುದು. ಅವರು ಒಂದು ವಿಷಯ ಹಿಡಿದು ವಾರಗಟ್ಟಲೆ ಸರಣಿ ಪಾಠ ಮಾಡುವುದು. ಕೇಳುವ ಎಳೆಯರಲ್ಲಿ ಯಾರಾದರೂ ಅದನ್ನು ಟಿಪ್ಪಣಿ ಮಾಡಿ ಪುಸ್ತಕವಾಗಿಸುವುದು. ಭಾಷಣ ಕೇಳಿ ಚಪ್ಪಾಳೆ ತಟ್ಟುವುದು ಸುಲಭ. ಬರೆಯಲು ಕೂತವನಿಗೆ ಅರ್ಥವಾಗದ ಸಾಲನ್ನು ದಾಟುವಂತಿಲ್ಲ. ಫೀಲ್ಡ್ಸ್ ಪದಕ ಪಡೆದಿದ್ದ ಫ್ರೆಂಚ್ ಗಣಿತಜ್ಞ ಲೋರಾಂ ಶ್ವಾರ್ಟ್ಜ್ 1955ರಲ್ಲಿ ಪಾಠ ಮಾಡಿದಾಗ ಟಿಪ್ಪಣಿ ಬರೆದವರು ಎಂ.ಎಸ್. ನರಸಿಂಹನ್. ಶ್ವಾರ್ಟ್ಜ್ ಆಹ್ವಾನದ ಮೇಲೆ ಅವರು 1957ರಿಂದ ಮೂರು ವರ್ಷ ಫ್ರಾನ್ಸಿನಲ್ಲಿದ್ದು ಮರಳಿದರು. ಸಿ.ಎಸ್. ಶೇಷಾದ್ರಿಯವರೊಡನೆ 1965ರಲ್ಲಿ ಅವರು ಪ್ರಕಟಿಸಿದ ಪ್ರಮೇಯಕ್ಕೆ ಇಂದಿಗೂ ಇಬ್ಬರ ಹೆಸರೇ ಇದೆ. 1967–68ರ ಚಳಿಗಾಲದಲ್ಲಿ ಡೇವಿಡ್ ಮಮ್‌ಫೋರ್ಡ್ ಮಾಡಿದ ಪಾಠಗಳನ್ನು ಸಿ.ಪಿ. ರಾಮಾನುಜಂ ಬರೆದುಕೊಂಡರು, 1970ರಲ್ಲಿ ಬಂದ ‘ಅಬೀಲಿಯನ್ ವೆರೈಟೀಸ್’ ಇಂದಿಗೂ ಆ ವಿಷಯದ ಮುಖ್ಯ ಗ್ರಂಥ. ಜರ್ಮನಿಯ ಸೀಗಲ್ ಅಂತೂ ಮತ್ತೆ ಮತ್ತೆ ಬಂದು ಪಾಠ ಮಾಡಿದರು.

ಈ ಪದ್ಧತಿ 1975ರಲ್ಲಿ ಬೆಂಗಳೂರಿಗೂ ಬಂತು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಟಿಐಎಫ್‌ಆರ್ ಅನ್ವಯಿಕ ಗಣಿತದ ಜಂಟಿ ಕಾರ್ಯಕ್ರಮ ತೆರೆಯಿತು. ಜಾಕ್ ಲೂಯಿ ಲಿಯೋನ್ಸ್ ನೆರವಿನಿಂದ ಫ್ರೆಂಚ್ ಗಣಿತಜ್ಞರು ಸರದಿಯಂತೆ ಬಂದು ಕಲಿಸಿದರು. ಬಾರ್ನ್‌ಗೆ ಜಾಗ ಸಿಗದ ಆವರಣವೇ ಅದು.

ಗಣಿತಕ್ಕೆ ಕರಿಹಲಗೆ ಸಾಕು, ಜಾನಪದಕ್ಕೆ ಊರೇ ಬೇಕು. ಫಿನ್ಲೆಂಡಿನ ಲೌರಿ ಹೊಂಕೊ 1990ರಲ್ಲಿ ತುಳುನಾಡಿನ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ದಾಖಲಿಸಿದಾಗ ಜೊತೆಗಿದ್ದವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ. 15,683 ಸಾಲುಗಳ ಆ ಪಠ್ಯ 1998ರಲ್ಲಿ ಅಚ್ಚಾಯಿತು. ಸ್ಥಳೀಯ ವಿದ್ವಾಂಸರಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. ಮುಂದೆ ವಿವೇಕ ರೈ ಅವರೇ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ಗೆ ಅತಿಥಿ ಪ್ರಾಧ್ಯಾಪಕರಾಗಿ ಹೋದರು.

ಈಚೆಗೆ ಸರ್ಕಾರವೇ ಅತಿಥಿಗಳನ್ನು ಕರೆಯುತ್ತಿದೆ. 2015ರ ‘ಜ್ಞಾನ್’ ಯೋಜನೆ ವಿದೇಶಿ ಅಧ್ಯಾಪಕರಿಂದ ಕಿರು ಅವಧಿಯ ಪಾಠಗಳನ್ನು ಮಾಡಿಸುತ್ತದೆ. 2017ರ ‘ವಜ್ರ’ದಲ್ಲಿ ವರ್ಷಕ್ಕೆ ಒಂದರಿಂದ ಮೂರು ತಿಂಗಳ ವಾಸ, ಮೊದಲ ತಿಂಗಳಿಗೆ 15,000 ಡಾಲರ್, ಮುಂದಿನ ಒಂದೊಂದಕ್ಕೆ 10,000 ಎಂದು ಗೊತ್ತುಮಾಡಲಾಯಿತು. ದುಡ್ಡು ಹಿಂದಿಗಿಂತ ಧಾರಾಳ, ವಾಸ ಮಾತ್ರ ಗಿಡ್ಡ.

ಶ್ವಾರ್ಟ್ಜ್, ಸೀಗಲ್ ಮೊದಲಾದವರ ಪಾಠದ ಟಿಪ್ಪಣಿಗಳನ್ನು ಟಿಐಎಫ್‌ಆರ್ ತನ್ನ ಜಾಲತಾಣದಲ್ಲಿ ಇಟ್ಟಿದೆ, ಓದಲು ಶುಲ್ಕವಿಲ್ಲ.