ಬೋಗುಣಿಯ ತಳದಲ್ಲಿ ಸಿಕ್ಕ ಸಣ್ಣ ಪಿನ್ನು: ಹಳೇ ಯೆಜ್ಡಿ ಕಲಿಸಿದ ಪಾಠ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತು ಒಂದು ಸಣ್ಣ ಲೋಹದ ತುಂಡಿನ ಕಥೆ ಹೇಳ್ತೀನಿ. ಎಷ್ಟು ಸಣ್ಣದು ಅಂದ್ರೆ, ಅಂಗೈಯಲ್ಲಿ ಒಂದು ಅಕ್ಕಿಕಾಳಿನ ಪಕ್ಕ ಇಟ್ಟರೆ ಯಾವುದು ಯಾವುದು ಅಂತ ಎರಡು ಸಲ ನೋಡಬೇಕು.

ನಾನಿರೋದು ಅತ್ತಿಗುಂಡಿಯಲ್ಲಿ. ಚಿಕ್ಕಮಗಳೂರಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಗೆ ಹೋಗೋ ದಾರಿಯಲ್ಲಿ, ಝರಿ ಫಾಲ್ಸ್‌ಗೆ ಜೀಪು ಹತ್ತೋ ಊರು ಅಂದ್ರೆ ತುಂಬಾ ಜನಕ್ಕೆ ಗೊತ್ತಾಗುತ್ತೆ. ಮನೆಯ ಶೆಡ್ಡಿನಲ್ಲಿ ಕಾಫಿ ಮೂಟೆಗಳ ಹಿಂದೆ ಅಪ್ಪನ ಯೆಜ್ಡಿ 250 ವರ್ಷಗಟ್ಟಲೆ ನಿಂತಿತ್ತು. ಅಪ್ಪ ಈಗಿಲ್ಲ. ಹೋದ ಮಳೆಗಾಲದಲ್ಲಿ ಅದನ್ನ ಬಿಚ್ಚೋಕೆ ಕೂತೆ.

ಈ ಬೈಕಿನ ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಶುರುವಾದದ್ದು 1960ರಲ್ಲಿ. ಜೆಕೊಸ್ಲೊವಾಕಿಯಾದ ಜಾವಾ ವಿನ್ಯಾಸದ ಬೈಕುಗಳು 1961ರಿಂದ ಅಲ್ಲೇ ತಯಾರಾದವು. 1970ರ ದಶಕದಲ್ಲಿ ಹೆಸರು ಯೆಜ್ಡಿ ಅಂತ ಬದಲಾಯ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹಾಗಾಗಿ ಇವತ್ತು ಒಂದು ಭಾಗದ ಬಗ್ಗೆ ಅನುಮಾನ ಬಂದ್ರೆ, ಆ ಭಾಗವನ್ನೇ ಕೇಳಿ ತಿಳ್ಕೋಬೇಕು.

ತಪ್ಪು ನನ್ನದೇ. ಗೇರ್‌ಬಾಕ್ಸು, ಪಿಸ್ಟನ್ನು, ಕ್ಲಚ್ಚು, ಎಲ್ಲಾನೂ ಒಂದೇ ಬೋಗುಣಿಯ ಡೀಸೆಲ್‌ನಲ್ಲಿ ತೊಳೆದೆ. ಕೊನೆಗೆ ಡೀಸೆಲ್ ಸೋಸಿದಾಗ ತಳದಲ್ಲಿ ಈ ತುಂಡು ಸಿಕ್ತು. ಎಲ್ಲಿಂದ ಬಿತ್ತು? ಗೊತ್ತಿಲ್ಲ. ಬಿಡಿಭಾಗಗಳ ಚಿತ್ರದಲ್ಲಿ ಹುಡುಕಿದೆ, ಅಲ್ಲೂ ಇಲ್ಲ. ಬುಲೆಟ್ ರಿಪೇರಿಯಲ್ಲಿ ಪಳಗಿದ ಗೆಳೆಯನೊಬ್ಬ ನೋಡಿ, "ಗೇರ್‌ಬಾಕ್ಸಿನ ರೋಲರ್ ಇರ್ಬೇಕು, ಒಂದು ಕಡಿಮೆಯಾದ್ರೆ ಏನೂ ಆಗಲ್ಲ ಬಿಡು" ಅಂದ.

ಬಿಡೋಕೆ ಮನಸ್ಸಾಗಲಿಲ್ಲ. ಮೂರು ಪರೀಕ್ಷೆ ಮಾಡಿದೆ.

ಮೊದಲನೇದು ಅರ. ಬೇರಿಂಗ್ ರೋಲರ್‌ನ ಉಕ್ಕು ತುಂಬಾ ಗಟ್ಟಿ, ಸಾಮಾನ್ಯ ಅರ ಅದರ ಮೇಲೆ ಜಾರುತ್ತೆ, ಕಚ್ಚಲ್ಲ. ಈ ತುಂಡಿನ ಮೇಲೆ ಅರ ಗೆರೆ ಬಿಡ್ತು. ಅಂದ್ರೆ ಇದು ರೋಲರ್ ಅಲ್ಲ.

ಎರಡನೇದು ಬಣ್ಣ. ಭೂತಗನ್ನಡಿ ಹಿಡಿದು ನೋಡಿದ್ರೆ, ಅರ್ಧ ಭಾಗ ಬಿಳುಪು, ಇನ್ನರ್ಧ ಕಪ್ಪು. ಡೀಸೆಲ್‌ನಲ್ಲಿ ನೆನೆದರೂ ಹೋಗದ ಮಸಿ. ಅಂದ್ರೆ ಅರ್ಧ ಯಾವುದೋ ತೂತಿನೊಳಗೆ ಹೂತು ಕೂತಿತ್ತು, ಉಳಿದರ್ಧ ಹೊಗೆಗೆ ಸಿಕ್ಕಿತ್ತು. ಗೇರ್‌ಬಾಕ್ಸಿನಲ್ಲಿ ಎಣ್ಣೆ ಇರುತ್ತೆ, ಹೊಗೆ ಇರಲ್ಲ. ಪೆಟ್ರೋಲು ಉರಿಯೋ ಜಾಗದ ಹತ್ತಿರದ್ದೇ ಇದು.

ಮೂರನೇದು ಸವೆತ. ಕಪ್ಪಾದ ಅರ್ಧದ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಯಾವುದೋ ಒಂದು ಅಂಚು ಅಲ್ಲಿಗೇ ಬಂದು ಬಂದು ಒರೆಸಿದೆ.

ಈಗ ಪ್ರಶ್ನೆ ತಿರುಗಿಸಿದೆ. "ಇದೇನು" ಅನ್ನೋದು ಬಿಟ್ಟು "ಖಾಲಿ ತೂತು ಎಲ್ಲಿದೆ" ಅಂತ ಹುಡುಕಿದೆ. ಪಿಸ್ಟನ್ ಕೈಗೆತ್ತಿಕೊಂಡು ರಿಂಗ್ ಕೂರೋ ಗಾಡಿಯನ್ನ ಸೂಜಿಯಿಂದ ಕೆರೆದೆ. ಒಂದು ಗಾಡಿಯಲ್ಲಿ ಸಣ್ಣ ಪಿನ್ನು ಇತ್ತು. ಇನ್ನೊಂದರಲ್ಲಿ ಮಸಿ ತುಂಬಿದ ಬರೀ ತೂತು. ನನ್ನ ತುಂಡು ಅದಕ್ಕೆ ಸರಿಯಾಗಿ ಕೂತಿತು, ಆದ್ರೆ ಸಡಿಲ. ಹಳೇ ರಿಂಗು ಬಿಚ್ಚಿ ತೊಳೆಯೋವಾಗ ಜಾರಿ ಬಿದ್ದಿದೆ.

ಈ ಪಿನ್ನಿನ ಕೆಲಸ ಏನು? ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಸಿಲಿಂಡರ್ ಗೋಡೆ ಪೂರ್ತಿ ನುಣುಪು, ವಾಲ್ವುಗಳು ಮೇಲಿರುತ್ತವೆ. ಅಲ್ಲಿ ರಿಂಗು ತಿರುಗಿದರೂ ತೊಂದರೆಯಿಲ್ಲ. ಗೆಳೆಯನಿಗೆ ಈ ಪಿನ್ನಿನ ಗುರುತು ಸಿಗದಿದ್ದಕ್ಕೆ ಅದೇ ಕಾರಣ. ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ಗೋಡೆಯಲ್ಲೇ ಕಿಟಕಿಗಳಿವೆ. ಗಾಳಿ-ಪೆಟ್ರೋಲು ಒಳಗೆ ಬರೋದು, ಹೊಗೆ ಹೊರಗೆ ಹೋಗೋದು ಆ ಕಿಟಕಿಗಳಿಂದ. ರಿಂಗು ಅನ್ನೋದು ಒಂದು ಕಡೆ ಸೀಳಿರೋ ಬಳೆ, ಸದಾ ಹೊರಕ್ಕೆ ಒತ್ತುತ್ತಾ ಇರುತ್ತೆ. ಆ ಸೀಳು ತಿರುಗಿ ಕಿಟಕಿಯ ಎದುರು ಬಂದ್ರೆ, ತುದಿ ಕಿಟಕಿಯೊಳಗೆ ಚಾಚುತ್ತೆ. ಪಿಸ್ಟನ್ ಚಲಿಸುವಾಗ ಅಂಚಿಗೆ ಸಿಕ್ಕಿ ಮುರಿಯುತ್ತೆ. ಹಾಗಾಗದಿರಲಿ ಅಂತ ಪ್ರತಿ ರಿಂಗಿಗೂ ಒಂದು ಪಿನ್ನು. ಸೀಳನ್ನ ಕಿಟಕಿಗಳ ನಡುವಿನ ಗಟ್ಟಿ ಗೋಡೆಯ ಕಡೆಗೇ ಹಿಡಿದು ನಿಲ್ಲಿಸೋದು ಇದರ ಕೆಲಸ. ಬಿಡಿಭಾಗಗಳ ಚಿತ್ರದಲ್ಲಿ ಇದು ಯಾಕಿರಲಿಲ್ಲ? ಪಿನ್ನು ಪಿಸ್ಟನ್ ಜೊತೆಗೇ ಕೂತು ಬರುತ್ತೆ, ಬೇರೆ ಭಾಗ ಅಂತ ಲೆಕ್ಕವಿಲ್ಲ.

ಭಯ ಆಗಿದ್ದು ಆಮೇಲೆ. ಪಿನ್ನಿಲ್ಲದೆಯೂ ಹೊಸ ರಿಂಗು ಸಲೀಸಾಗಿ ಕೂರುತ್ತೆ. ಇಂಜಿನ್ ಸ್ಟಾರ್ಟೂ ಆಗುತ್ತೆ. ಮುರಿಯೋದು ಎಂದೋ ಒಂದು ದಿನ ಓಡುವಾಗ. ನಮ್ಮ ಘಾಟಿಯ ಇಳಿಜಾರು ತಿರುವಿನಲ್ಲಿ ಪಿಸ್ಟನ್ ಕಚ್ಚಿಕೊಂಡ್ರೆ ಹಿಂದಿನ ಚಕ್ರ ಲಾಕ್ ಆಗುತ್ತೆ. ಒಂದು ಬದಿಗೆ ಕಾಫಿ ತೋಟ, ಇನ್ನೊಂದು ಬದಿಗೆ ಪ್ರಪಾತ. ಉಳಿದದ್ದು ನೀವೇ ಊಹಿಸಿ.

ಸಡಿಲವಾದ ತೂತಿಗೆ ಪಿನ್ನು ಅಂಟಿಸಿ ಬಿಡಬಹುದಾ ಅಂತ ಕೇಳಬೇಡಿ. ಅಂಟಿಸೋದು, ಬಡಿದು ಕೂರಿಸೋದು ಯಾವುದೂ ನಂಬಿಕೆಯದ್ದಲ್ಲ. ಪಿಸ್ಟನ್ನೇ ಬದಲಾಯಿಸಿದೆ. ಸಿಲಿಂಡರಿನ ಮೂಲ ಅಳತೆ 65 ಮಿ.ಮೀ. ಸವೆದಿದ್ದರಿಂದ ಒಂದು ಹಂತ ದೊಡ್ಡ ಪಿಸ್ಟನ್ ತಂದು, ಅದಕ್ಕೆ ಸರಿಯಾಗಿ ಚಿಕ್ಕಮಗಳೂರಿನಲ್ಲಿ ಬೋರ್ ಮಾಡಿಸಿದೆ. ಜೋಡಿಸೋ ಮುಂಚೆ ಎರಡೂ ಪಿನ್ನು ಇವೆಯಾ ಅಂತ ಬೆರಳಿಟ್ಟು ನೋಡಿದೆ.

ಹಳೇ ಬೈಕು ಬಿಚ್ಚೋರಿಗೆ ನನ್ನ ಮಾತು ಇಷ್ಟೇ. ಒಂದೊಂದು ಭಾಗಕ್ಕೂ ಬೇರೆ ಬೋಗುಣಿ ಇಡಿ. ತೊಳೆಯೋ ಮುಂಚೆ ಫೋಟೋ ತೆಗೀರಿ, ಯಾಕಂದ್ರೆ ಕೊಳೆಯೇ ಸಾಕ್ಷಿ. ತೊಳೆದ ಡೀಸೆಲ್ ಸೋಸದೆ ಚೆಲ್ಲಬೇಡಿ. ಗುರುತು ಸಿಗದ ತುಂಡು ಒಂದೇ ಒಂದು ಉಳಿದಿದ್ರೂ ಇಂಜಿನ್ ಮುಚ್ಚಬೇಡಿ.

ಹೋದ ವಾರ ಕೈಮರದಿಂದ ಅತ್ತಿಗುಂಡಿವರೆಗೆ ನಿಧಾನಕ್ಕೆ ಹತ್ತಿಸಿಕೊಂಡು ಬಂದೆ. ಶಬ್ದ ಕೇಳಿ ಅಮ್ಮ ಬಾಗಿಲಿಗೆ ಬಂದು ನಿಂತಿದ್ರು. ಆ ಹಳೇ ಪಿನ್ನು ಈಗ ಕಾಫಿಪುಡಿ ಡಬ್ಬಿಯೊಂದರಲ್ಲಿದೆ. ಈ ಸಲ ಮೇಲೆ ಹೆಸರು ಬರೆದಿಟ್ಟಿದ್ದೀನಿ.