ಪೇಟೆಯ ಹಳೆಯ ಕಟ್ಟಡಗಳ ರಕ್ಷಣೆ: ಬಾಡಿಗೆ, ದುರಸ್ತಿ ಮತ್ತು ಲೆಕ್ಕಪತ್ರ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಭೇಟಿ ನೀಡಿದುದರ ಸ್ಮರಣೆಗಾಗಿ ನಿರ್ಮಾಣವಾದ ಆ ಕಟ್ಟಡದಲ್ಲಿ ಹಳೆಯ ಪುಸ್ತಕಗಳ ಮಳಿಗೆಗಳೂ ಸೇರಿದಂತೆ ಹಲವು ಅಂಗಡಿಗಳು ದಶಕಗಳಿಂದ ವ್ಯಾಪಾರ ನಡೆಸುತ್ತಿದ್ದವು. ಘಟನೆಯ ನಂತರ ಎಲ್ಲ ಬಾಡಿಗೆದಾರರೂ ಜಾಗ ಖಾಲಿ ಮಾಡಬೇಕಾಯಿತು. ನಾಲ್ಕು ವರ್ಷಗಳ ಬಳಿಕ, 2016ರ ಆಗಸ್ಟ್ 28ರಂದು, ಸಮೀಪದ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಬದಿಯ ಭಾಗ ನೆಲಕ್ಕುರುಳಿತು. ಅದು ಭಾನುವಾರವಾಗಿತ್ತು; ಅದೃಷ್ಟವಶಾತ್ ಜೀವಹಾನಿ ಸಂಭವಿಸಲಿಲ್ಲ. ಎರಡೂ ಕಟ್ಟಡಗಳ ಒಡೆತನ ನಗರ ಪಾಲಿಕೆಯದು. ಎರಡರಲ್ಲಿಯೂ ಬದುಕು ಕಟ್ಟಿಕೊಂಡಿದ್ದವರು ವರ್ತಕರು.

ಆನಂತರ ನಡೆದುದು ದೀರ್ಘ ಚರ್ಚೆ. ಕಟ್ಟಡಗಳನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಲು ಸಾಧ್ಯವಿದೆ ಎಂಬುದು ಪರಂಪರೆ ತಜ್ಞರಲ್ಲಿ ಒಂದು ವರ್ಗದ ಅಭಿಪ್ರಾಯ. ಅವು ದುರಸ್ತಿಯ ಹಂತವನ್ನು ಮೀರಿವೆ, ಕೆಡವಿ ಅದೇ ಶೈಲಿಯಲ್ಲಿ ಮತ್ತೆ ಕಟ್ಟಬೇಕು ಎಂಬುದು ಇನ್ನೊಂದು ಪಕ್ಷದ ನಿಲುವು. ರಾಜವಂಶಸ್ಥೆ ಪ್ರಮೋದಾದೇವಿ ಒಡೆಯರ್ ಅವರು ನೆಲಸಮಗೊಳಿಸುವುದನ್ನು ಬಹಿರಂಗವಾಗಿ ವಿರೋಧಿಸಿದರು. ಸಮಿತಿಗಳು ರಚನೆಯಾದವು, ವರದಿಗಳು ಬಂದವು, ಬಾಡಿಗೆದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಕೆಡವಿ ಮರುನಿರ್ಮಿಸುವ ನಿರ್ಧಾರದಲ್ಲಿ ಹಸ್ತಕ್ಷೇಪ ಮಾಡಲು ಕರ್ನಾಟಕ ಉಚ್ಚ ನ್ಯಾಯಾಲಯವು 2023ರಲ್ಲಿ ನಿರಾಕರಿಸಿತು. ಮೊದಲ ಕುಸಿತದಿಂದ ಆ ತೀರ್ಪಿನವರೆಗೆ ಹನ್ನೊಂದು ವರ್ಷಗಳು ಸಂದಿದ್ದವು. ಹನ್ನೊಂದು ಮಳೆಗಾಲಗಳನ್ನು ದುರಸ್ತಿಯಿಲ್ಲದೆ ಎದುರಿಸುವ ಯಾವ ಕಟ್ಟಡವಾದರೂ ಕೆಡವಬೇಕೆನ್ನುವವರ ವಾದಕ್ಕೇ ಬಲ ತುಂಬುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಇದು ಮೈಸೂರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಪಟ್ಟಣಗಳ ಪೇಟೆಬೀದಿಗಳಲ್ಲಿ ಗಾರೆಯ ಗೋಡೆ, ಮರದ ಕಂಬ, ಹಂಚಿನ ಸೂರು, ಹಲಗೆ ಬಾಗಿಲುಗಳ ಮಳಿಗೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಸಂತೆಬಾಚಹಳ್ಳಿಯಂತಹ ಹೋಬಳಿ ಕೇಂದ್ರವು ತನ್ನ ಹೆಸರಿನಲ್ಲಿಯೇ ಸಂತೆಯನ್ನು ಹೊತ್ತಿದೆ. ಇಂತಹ ಊರುಗಳಲ್ಲಿ ಹಳೆಯ ಮಳಿಗೆ ಬಿದ್ದರೆ ಪತ್ರಿಕೆಗಳಲ್ಲಿ ಸುದ್ದಿಯಾಗುವುದಿಲ್ಲ; ಮೂರು ತಿಂಗಳಲ್ಲಿ ಆ ಜಾಗದಲ್ಲಿ ರೋಲಿಂಗ್ ಷಟರಿನ ಕಾಂಕ್ರೀಟ್ ಮಳಿಗೆ ಎದ್ದಿರುತ್ತದೆ.

ಕಾನೂನಿನ ದೃಷ್ಟಿಯಿಂದ ನೋಡಿದರೆ ಹಳೆಯ ಕಟ್ಟಡಗಳಲ್ಲಿ ಎರಡು ಬಗೆ. ಮೊದಲನೆಯದು, ಕೇಂದ್ರ ಅಥವಾ ರಾಜ್ಯ ಸರ್ಕಾರವು ಸ್ಮಾರಕವೆಂದು ಅಧಿಸೂಚಿಸಿದವು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ಕಟ್ಟಳೆ 2010ರ ತಿದ್ದುಪಡಿಯಿಂದ ಕಾಯ್ದೆಯಲ್ಲಿಯೇ ಸೇರಿತು. ಶ್ರೀರಂಗಪಟ್ಟಣದ ವರ್ತಕರಿಗೆ ಇದರ ಬಿಸಿ ಚೆನ್ನಾಗಿ ತಿಳಿದಿದೆ. ಅಂಗಡಿಯ ಮೇಲೊಂದು ಅಂತಸ್ತು ಏರಿಸಬೇಕಾದರೂ ಅನುಮತಿಗಾಗಿ ಅಲೆಯಬೇಕು. ಆದರೆ ಅದೇ ಊರಿನಲ್ಲಿ ರೈಲ್ವೆ ಜೋಡಿಮಾರ್ಗಕ್ಕೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ, ಸುಮಾರು 1000 ಟನ್ ತೂಕದ ಇಡೀ ಕಟ್ಟಡವನ್ನೇ ಎತ್ತಿ 2017ರಲ್ಲಿ ಬೇರೆಡೆಗೆ ಸರಿಸಲಾಯಿತೆಂಬುದೂ ನಿಜ. ಸಂರಕ್ಷಿತವೆಂಬ ಮುದ್ರೆ ಬಿದ್ದ ಕಟ್ಟಡಕ್ಕೆ ಸರ್ಕಾರ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಇದು ನಿದರ್ಶನ.

ಎರಡನೆಯ ಬಗೆಯವು ಪೇಟೆಯ ಕಟ್ಟಡಗಳು: ಮಾರುಕಟ್ಟೆ, ಛತ್ರ, ಪುರಭವನ, ಮಳಿಗೆಸಾಲು. ಇವುಗಳಲ್ಲಿ ಬಹುತೇಕವು ಸ್ಮಾರಕಗಳಲ್ಲ. ದಿನನಿತ್ಯ ಬಳಕೆಯಲ್ಲಿರುವ ಆಸ್ತಿಗಳು. ಇವುಗಳ ಹೊಣೆ ಬೀಳುವುದು ಸ್ಥಳೀಯ ಸಂಸ್ಥೆಗಳ ಮೇಲೆ. 1992ರ 74ನೆಯ ಸಂವಿಧಾನ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯು ಸಾಂಸ್ಕೃತಿಕ ಹಾಗೂ ಸೌಂದರ್ಯಾತ್ಮಕ ಅಂಶಗಳ ಪ್ರೋತ್ಸಾಹವನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ವಿಷಯವನ್ನು ಪಟ್ಟಿ ಮಾಡುವುದು ಸುಲಭ. ಹಣ ಎಲ್ಲಿಂದ ಎಂಬುದನ್ನು ಅನುಸೂಚಿ ಹೇಳುವುದಿಲ್ಲ.

ಹಣದ ಪ್ರಶ್ನೆಯ ಮೂಲವು ಲೆಕ್ಕಪತ್ರದಲ್ಲಿದೆ. ಪುರಸಭೆಗಳಲ್ಲಿ ಜೋಡಿ ನಮೂದು ಪದ್ಧತಿ ಬಂದದ್ದು ಇತ್ತೀಚೆಗೆ. ರಾಜ್ಯದ ಪೌರಸಂಸ್ಥೆಗಳ ಲೆಕ್ಕಪತ್ರ ಹಾಗೂ ಆಯವ್ಯಯ ನಿಯಮಗಳು 2006ರವು. ರಾಷ್ಟ್ರಮಟ್ಟದ ಪೌರ ಲೆಕ್ಕಪತ್ರ ಕೈಪಿಡಿಯ ಪ್ರಕಾರ, ಹಣ ತೆರದೆ ಸಂಸ್ಥೆಗೆ ಬಂದ ಸ್ಥಿರಾಸ್ತಿಯನ್ನು 1 ರೂಪಾಯಿಯ ನಾಮಮಾತ್ರ ಮೌಲ್ಯಕ್ಕೆ ದಾಖಲಿಸಬೇಕು. ಅರಸರ ಕಾಲದಲ್ಲಿ ಕಟ್ಟಿಸಿ ಬಳುವಳಿಯಾಗಿ ಬಂದ ಮಾರುಕಟ್ಟೆಗೆ ಈ ನಿಯಮವನ್ನು ಅನ್ವಯಿಸಿದರೆ ಆಗುವುದೇನು? ಆಸ್ತಿ ಪುಸ್ತಕದಲ್ಲಿ ಅದರ ಬೆಲೆ 1 ರೂಪಾಯಿ. 1 ರೂಪಾಯಿಗೆ ಸವಕಳಿ ಲೆಕ್ಕ ಹಾಕಲು ಬರುವುದಿಲ್ಲ. ಸವಕಳಿ ಖರ್ಚು ಕಾಣಿಸದ ಕಾರಣ ಬರುವ ಬಾಡಿಗೆಯೆಲ್ಲವೂ ಮಿಗತೆಯಂತೆ ಕಾಣುತ್ತದೆ. ಆ ಮಿಗತೆ ಬೀದಿದೀಪಕ್ಕೋ ಸಂಬಳಕ್ಕೋ ಸಂದುಹೋಗುತ್ತದೆ. ಕಟ್ಟಡ ಸವೆಯುತ್ತಿದೆ ಎಂಬ ಸಂಗತಿ ಗೋಡೆಯಲ್ಲಿ ಬಿರುಕಾಗಿ ಕಾಣಿಸಿಕೊಳ್ಳುವವರೆಗೆ ಪುಸ್ತಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಕೈಪಿಡಿ ತಪ್ಪೆಂದು ಇದರ ಅರ್ಥವಲ್ಲ. ಮೂಲ ವೆಚ್ಚ ತಿಳಿಯದ ಆಸ್ತಿಗೆ ಮನಸ್ಸಿಗೆ ತೋಚಿದ ಬೆಲೆ ಬರೆಯುವುದು ಇನ್ನೂ ಕೆಟ್ಟದ್ದು. ಆದರೆ ನಾಮಮಾತ್ರ ಮೌಲ್ಯದ ಆಸ್ತಿಗೆ ಪ್ರತ್ಯೇಕ ದುರಸ್ತಿ ನಿಧಿ ಇರಲೇಬೇಕು ಎಂಬ ವಿವೇಕ ಅದರ ಜೊತೆಗೆ ಬರಬೇಕಾಗಿತ್ತು.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಪುರಸಭೆಯೊಂದರ ಹಳೆಯ ಮಾರುಕಟ್ಟೆಯಲ್ಲಿ 100 ಮಳಿಗೆಗಳಿವೆ, ತಿಂಗಳ ಬಾಡಿಗೆ ತಲಾ 1,000 ರೂಪಾಯಿ ಎಂದಿಟ್ಟುಕೊಳ್ಳೋಣ. ವಾರ್ಷಿಕ ಬಾಡಿಗೆ 12 ಲಕ್ಷ ರೂಪಾಯಿ. ಖಾಸಗಿ ಮಾಲೀಕನ ಮನೆಬಾಡಿಗೆ ವರಮಾನದಲ್ಲಿ ಶೇಕಡ 30ರಷ್ಟನ್ನು ಆದಾಯ ತೆರಿಗೆ ಕಾನೂನು ಕಳೆಯುತ್ತದೆ. ಆತ ನಿಜವಾಗಿ ದುರಸ್ತಿ ಮಾಡಿಸಿದನೋ ಇಲ್ಲವೋ ಎಂದು ಕೇಳುವುದಿಲ್ಲ. ಅದೇ ಅಳತೆಗೋಲನ್ನು ಪುರಸಭೆಯೂ ಅನುಸರಿಸಿ ಬಾಡಿಗೆಯ ಶೇಕಡ 30ನ್ನು ತೆಗೆದಿರಿಸಿದರೆ ವರ್ಷಕ್ಕೆ 3.60 ಲಕ್ಷ, ಹತ್ತು ವರ್ಷಕ್ಕೆ ಬಡ್ಡಿ ಬಿಟ್ಟು 36 ಲಕ್ಷ. ತಾರಸಿಯ ಸೋರಿಕೆ ತಡೆಯಲು, ಚರಂಡಿ ಸರಿಪಡಿಸಲು ಈ ಮೊತ್ತ ಸಾಕಾದೀತು. ಬಿದ್ದ ಕಮಾನನ್ನು ಎತ್ತಿ ನಿಲ್ಲಿಸಲು ಸಾಲದು. ಬಾಡಿಗೆ 5,000 ರೂಪಾಯಿಯಾದರೆ ವಾರ್ಷಿಕ ಬಾಡಿಗೆ 60 ಲಕ್ಷ, ತೆಗೆದಿರಿಸುವ ಪಾಲು 18 ಲಕ್ಷ, ಹತ್ತು ವರ್ಷಕ್ಕೆ 1.80 ಕೋಟಿ. ಬಾಡಿಗೆ ಏರಿಕೆ ಎಂಬ ಮಾತು ವರ್ತಕರ ಕಿವಿಗೆ ಇಂಪಾಗಿ ಕೇಳಿಸದು. ಆದರೂ ಹಳೆಯ ಬಾಡಿಗೆಗೇ ಅಂಟಿಕೊಂಡ ಕಟ್ಟಡವು ದುರಸ್ತಿಯಿಲ್ಲದೆ ಬಿದ್ದಾಗ ಹೆಚ್ಚು ನಷ್ಟ ಅನುಭವಿಸಿದವರು ಬಾಡಿಗೆದಾರರೇ ಎಂಬುದನ್ನು ಲ್ಯಾನ್ಸ್‌ಡೌನ್ ಪ್ರಕರಣ ತೋರಿಸಿಕೊಟ್ಟಿದೆ. ಏರಿಕೆಯನ್ನು ಒಪ್ಪುವ ಮುನ್ನ ಅದು ಸಾಮಾನ್ಯ ನಿಧಿಗೆ ಸೇರದೆ ಪ್ರತ್ಯೇಕ ಬ್ಯಾಂಕ್ ಖಾತೆಗೇ ಸೇರಬೇಕು, ವರ್ಷಕ್ಕೊಮ್ಮೆ ಅದರ ಲೆಕ್ಕವನ್ನು ಬಾಡಿಗೆದಾರರ ಸಂಘಕ್ಕೆ ಒದಗಿಸಬೇಕು ಎಂಬ ಷರತ್ತನ್ನು ಸಂಘವು ಬರವಣಿಗೆಯಲ್ಲಿ ಕೇಳುವುದು ಸೂಕ್ತ.

ಕಟ್ಟಡ ಹಾಳಾಗುವುದರಲ್ಲಿ ಬಾಡಿಗೆದಾರರ ಪಾಲೂ ಇಲ್ಲದಿಲ್ಲ. ಸಾಮಾನು ತುಂಬಲು ಅಟ್ಟ ಕಟ್ಟುವಾಗ ಭಾರ ಹೊರುವ ಗೋಡೆಯನ್ನು ಕೊರೆಯುವುದು, ಎರಡು ಮಳಿಗೆಗಳ ನಡುವಿನ ಗೋಡೆಯನ್ನು ಒಡೆದು ಒಂದು ಮಾಡುವುದು, ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತುವುದು, ಇವೆಲ್ಲ ಪೇಟೆಯಲ್ಲಿ ಸರ್ವೇಸಾಮಾನ್ಯ. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟಿನ ಹೊದಿಕೆ ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಗೆ ನುಣುಪಾಗಿ ಕಾಣುವ ಗೋಡೆ ಒಳಗೊಳಗೇ ಶಿಥಿಲವಾಗುತ್ತದೆ. ತಾರಸಿಯ ಸಂದಿನಲ್ಲಿ ಮೊಳೆತ ಅರಳಿ ಸಸಿಯನ್ನು ಕೀಳುವವರಿಲ್ಲದಿದ್ದರೆ ಅದರ ಬೇರು ಉಳಿದ ಕೆಲಸವನ್ನು ಮುಗಿಸುತ್ತದೆ. ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ತಾರಸಿ ಶುಚಿಗೊಳಿಸುವ ಕೆಲಸಕ್ಕೆ ಯಾವ ಯೋಜನಾ ವರದಿಯೂ ಬೇಡ.

ದುರಸ್ತಿಗೆ ಬಾಡಿಗೆದಾರನೇ ಕೈಯಿಂದ ಖರ್ಚು ಮಾಡಿದರೆ ತೆರಿಗೆಯಲ್ಲಿ ಅದರ ಗತಿ ಏನು ಎಂಬ ಪ್ರಶ್ನೆ ಸಹಜ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 30ರಂತೆ, ದುರಸ್ತಿಯ ವೆಚ್ಚವನ್ನು ತಾನೇ ಭರಿಸುವುದಾಗಿ ಒಪ್ಪಿಕೊಂಡಿರುವ ಬಾಡಿಗೆದಾರನು ಆ ವೆಚ್ಚವನ್ನು ವ್ಯಾಪಾರದ ಖರ್ಚಾಗಿ ಕಳೆಯಬಹುದು. ಆದುದರಿಂದ ಕರಾರುಪತ್ರದಲ್ಲಿ ಆ ಮಾತು ಇರಬೇಕು. ಬಾಯಿಮಾತಿನ ಒಪ್ಪಂದವನ್ನು ತೆರಿಗೆ ಅಧಿಕಾರಿಯ ಮುಂದೆ ರುಜುವಾತುಪಡಿಸುವುದು ಕಷ್ಟ. ಬಂಡವಾಳ ಸ್ವರೂಪದ ವೆಚ್ಚ ಇದರಲ್ಲಿ ಸೇರುವುದಿಲ್ಲ. ಚಿತ್ರಮಂದಿರವೊಂದನ್ನು ಸಮಗ್ರವಾಗಿ ನವೀಕರಿಸಿದ ವೆಚ್ಚವು ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ 1997ರಲ್ಲಿಯೇ ತೀರ್ಮಾನಿಸಿದೆ. ಹಾಗೆಂದು ದೊಡ್ಡ ವೆಚ್ಚ ಪೂರ್ತಿ ಮುಳುಗಿಹೋಗುವುದಿಲ್ಲ. ಬಾಡಿಗೆ ಕಟ್ಟಡದ ನವೀಕರಣಕ್ಕೆ ಮಾಡಿದ ಬಂಡವಾಳ ವೆಚ್ಚದ ಮಟ್ಟಿಗೆ ಬಾಡಿಗೆದಾರನನ್ನೇ ಮಾಲೀಕನೆಂದು ಭಾವಿಸಿ ಸವಕಳಿ ನೀಡಲು ಕಲಂ 32ರ ವಿವರಣೆಯಲ್ಲಿ ಅವಕಾಶವಿದ್ದು, ವಾಣಿಜ್ಯ ಕಟ್ಟಡಕ್ಕೆ ಸಾಮಾನ್ಯ ದರ ಶೇಕಡ 10. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದ್ದರೂ ತತ್ತ್ವ ಹಾಗೆಯೇ ಉಳಿದಿದೆ.

ಇತರ ದೇಶಗಳು ಈ ವಿಷಯದಲ್ಲಿ ತೆರಿಗೆಯನ್ನೇ ಸಾಧನವಾಗಿ ಬಳಸಿವೆ. ಅಮೆರಿಕದಲ್ಲಿ ವರಮಾನ ತರುವ ಐತಿಹಾಸಿಕ ಕಟ್ಟಡವನ್ನು ನಿಗದಿತ ಮಾನದಂಡದಂತೆ ಜೀರ್ಣೋದ್ಧಾರ ಮಾಡಿದ ಮಾಲೀಕನಿಗೆ ವೆಚ್ಚದ ಶೇಕಡ 20ರಷ್ಟು ಮೊತ್ತವನ್ನು ತೆರಿಗೆಯಲ್ಲಿಯೇ ನೇರವಾಗಿ ಬಿಡಲಾಗುತ್ತದೆ. ಭಾರತದಲ್ಲಿ ಅಂತಹ ರಿಯಾಯಿತಿ ಇಲ್ಲ. ಕಲಂ 80ಜಿ ಅಡಿ ಐತಿಹಾಸಿಕ ಮಹತ್ವದ ಸ್ಥಳಗಳ ಜೀರ್ಣೋದ್ಧಾರಕ್ಕೆ ನೀಡಿದ ದೇಣಿಗೆಗೆ ಶೇಕಡ 50ರ ವಿನಾಯಿತಿ ಇತ್ತಾದರೂ, ಆ ಸ್ಥಳವನ್ನು ಕೇಂದ್ರ ಸರ್ಕಾರ ಅಧಿಸೂಚಿಸಿರಬೇಕೆಂಬ ಷರತ್ತು ಅದಕ್ಕಿತ್ತು. ತಾಲ್ಲೂಕು ಕೇಂದ್ರದ ಮಳಿಗೆಸಾಲು ಆ ಪಟ್ಟಿಯಲ್ಲಿ ಸೇರುವುದು ದೂರದ ಮಾತು. ಹೆಚ್ಚು ಹತ್ತಿರದ ದಾರಿಯೆಂದರೆ 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿ. ಐತಿಹಾಸಿಕ ಮಹತ್ವದ ಕಟ್ಟಡಗಳ ಪುನರುಜ್ಜೀವನವು ಸಾಮಾಜಿಕ ಹೊಣೆಗಾರಿಕೆಯ ವೆಚ್ಚಕ್ಕೆ ಅರ್ಹವಾದ ಚಟುವಟಿಕೆ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ವಾಣಿಜ್ಯ ಸಂಘವು ಅಂದಾಜು ಪಟ್ಟಿ ಸಮೇತ ಪ್ರಸ್ತಾವ ಸಿದ್ಧಪಡಿಸಿ ದೊಡ್ಡ ಕಂಪನಿಗಳ ಮುಂದಿಡಬಹುದು. ಮುಂಬಯಿಯು 1995ರಲ್ಲಿಯೇ ಪಾರಂಪರಿಕ ಕಟ್ಟಡಗಳನ್ನು ದರ್ಜೆವಾರು ಪಟ್ಟಿ ಮಾಡಿ ನಿಯಮಗಳನ್ನು ರೂಪಿಸಿತು. ಹೆಚ್ಚುವರಿ ಅಂತಸ್ತು ಕಟ್ಟಲು ಅವಕಾಶ ಕಳೆದುಕೊಂಡ ಮಾಲೀಕನು ಆ ಹಕ್ಕನ್ನು ಬೇರೆಡೆಗೆ ವರ್ಗಾಯಿಸಿ ಮಾರುವ ವ್ಯವಸ್ಥೆಯೂ ಅಲ್ಲಿ ಬಂತು. ನಿರ್ಬಂಧ ಹೇರಿದ ಕಡೆ ಪರಿಹಾರವನ್ನೂ ಕೊಡುವ ಈ ಕ್ರಮ ಖಾಸಗಿ ಮಾಲೀಕರ ವಿರೋಧವನ್ನು ತಗ್ಗಿಸುವ ಬಗೆಯದು.

ಸಮುದಾಯದ ಪ್ರಯತ್ನಕ್ಕೆ ರಾಜ್ಯದಲ್ಲಿ ನಿದರ್ಶನಗಳಿವೆ. ಬೆಂಗಳೂರಿನ ಅಠಾರಾ ಕಚೇರಿಯನ್ನು ಕೆಡವುವ ಆಲೋಚನೆ 1980ರ ದಶಕದ ಆರಂಭದಲ್ಲಿ ಬಂದಾಗ ನಾಗರಿಕರು ಒಟ್ಟಾಗಿ ವಿರೋಧಿಸಿದರು. ಉಚ್ಚ ನ್ಯಾಯಾಲಯವು ಅದೇ ಕಟ್ಟಡದಲ್ಲಿ ಈಗಲೂ ನಡೆಯುತ್ತಿದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಮಳಿಗೆಗಳು ಸುಟ್ಟಾಗ ವರ್ತಕರು ತಾವೇ ಹಣ ಕೂಡಿಸಿ ವ್ಯಾಪಾರವನ್ನು ಮತ್ತೆ ಎತ್ತಿ ನಿಲ್ಲಿಸಿಕೊಂಡರು.

ಕೊನೆಯದಾಗಿ ಬಾಡಿಗೆದಾರರ ಹಕ್ಕಿನ ವಿಚಾರ. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108(ಎಫ್) ಪ್ರಕಾರ, ಮಾಲೀಕನು ತಾನು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಯುಕ್ತ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಶಿಥಿಲ ಕಟ್ಟಡವನ್ನು ಸ್ಥಳೀಯ ಸಂಸ್ಥೆ ಕೆಡವಿದ ಮಾತ್ರಕ್ಕೆ ಬಾಡಿಗೆ ಹಕ್ಕು ಕೊನೆಗೊಳ್ಳುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಶಾ ರತನ್‌ಸಿ ಖಿಮ್‌ಜಿ ಪ್ರಕರಣದಲ್ಲಿ 2014ರಲ್ಲಿ ತೀರ್ಪಿತ್ತಿದೆ. ಗೇಣಿ ಕಟ್ಟಡಕ್ಕೆ ಮಾತ್ರವಲ್ಲ, ಅದು ನಿಂತ ನೆಲಕ್ಕೂ ಸಂಬಂಧಿಸಿದ್ದು ಎಂಬುದು ಅದರ ಆಧಾರ. ಆದರೆ ಈ ರಕ್ಷಣೆ ಗೇಣಿ ಕರಾರಿಗೆ ಅನ್ವಯಿಸುವಂಥದು. ಕೈಯಲ್ಲಿರುವ ಕಾಗದ ಗೇಣಿಯೋ, ಕೇವಲ ಪರವಾನಗಿಯೋ ಎಂಬುದನ್ನು ಪ್ರತಿಯೊಬ್ಬ ಮಳಿಗೆದಾರನೂ ಇಂದೇ ತೆಗೆದು ನೋಡುವುದು ಒಳಿತು. ಒಂದು ವರ್ಷಕ್ಕೆ ಮೀರಿದ ಅವಧಿಯ ಗೇಣಿಪತ್ರ ನೋಂದಣಿಯಾಗಿರಬೇಕು. ಸರಕಿಗೆ ಮಾಡಿಸಿದ ಅಗ್ನಿ ವಿಮೆಯ ಪಾಲಿಸಿಯನ್ನೂ ಅದರ ಜೊತೆಗೇ ಓದಬೇಕು: ಬೆಂಕಿ, ಸಿಡಿಲು, ಪ್ರವಾಹದಿಂದಾದ ನಷ್ಟಕ್ಕೆ ಅದು ಒದಗುತ್ತದೆ, ಹಳತಾಗಿ ತಾನಾಗಿಯೇ ಕುಸಿದ ಸೂರಿನಡಿ ಸಿಕ್ಕಿಕೊಂಡ ಸರಕಿಗೆ ಸಾಮಾನ್ಯವಾಗಿ ಒದಗುವುದಿಲ್ಲ.