ಸಾರ್ವಜನಿಕ ಸಂಪರ್ಕವೆಂಬ ವೃತ್ತಿ

ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೊರಡುವ ಮುಂಜಾವಿನ ರೈಲುಗಾಡಿಗಳಲ್ಲಿ ಚಿನ್ನದ ಗಣಿಗಳ ನಾಡಿನ ಮಕ್ಕಳು ಪ್ರತಿದಿನವೂ ಉದ್ಯೋಗಾರ್ಥವಾಗಿ ಪ್ರಯಾಣಮಾಡುತ್ತಿರುವರು. 2001ನೆಯ ಇಸವಿ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಗಣಿಗಳನ್ನು ಮುಚ್ಚಿತು. ನಂದಿದುರ್ಗದ ಗಣಿಗಿಳಿದು ದುಡಿದವರ ಮಕ್ಕಳು ಮೊಮ್ಮಕ್ಕಳು ಅಂದಿನಿಂದ ರಾಜಧಾನಿಯಲ್ಲಿ ಹೊಸ ವೃತ್ತಿಗಳನ್ನು ಅರಸಬೇಕಾಗಿದೆ. ಅಂತಹ ವೃತ್ತಿಗಳಲ್ಲಿ ಸಾರ್ವಜನಿಕ ಸಂಪರ್ಕವೂ ಒಂದು. ಇದನ್ನು ಕೈಕೊಳ್ಳುವ ತರುಣ ತರುಣಿಯರಿಗೆ ಅವರ ಹುಟ್ಟೂರೇ ಉತ್ತಮ ಪಾಠಶಾಲೆಯೆಂಬುದು ನಮ್ಮ ಅಭಿಪ್ರಾಯ.

ಸಂಸ್ಥೆಯ ಪರವಾಗಿ ಸವಿಮಾತನ್ನಾಡುವುದೇ ಈ ವೃತ್ತಿಯೆಂದು ಅನೇಕರು ತಿಳಿದಿರುವರು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನೂ ಅದಕ್ಕೆ ಆಧಾರವಾಗಿ ಹೇಳುವರು. ಆದರೆ ಮಾತನ್ನು ಬಲ್ಲವನೆಂದರೆ ಆಡಬಲ್ಲವನು ಮಾತ್ರವಲ್ಲ, ಕೇಳಬಲ್ಲವನೂ ಹೌದು. ಇದನ್ನು ಮರೆತರೆ ಏನಾಗುವುದೆಂಬುದಕ್ಕೆ ಗಣಿಗಳ ಚರಿತ್ರೆಯೇ ಸಾಕ್ಷಿ.

1930ರ ಏಪ್ರಿಲಿನಲ್ಲಿ, ಗಣಿಗಳು ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿದ್ದಾಗ, ಕೂಲಿಗಾರರು ಬೆರಳಚ್ಚನ್ನು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮವು ಹೊರಟಿತು. ಅಪರಾಧಿಗಳ ಗುರುತಿಗಾಗಿ ಬಳಸುವ ವಿಧಾನವನ್ನು ತಮ್ಮ ಮೇಲೆ ಹೇರಿದುದನ್ನು ಶ್ರಮಜೀವಿಗಳು ಅವಮಾನವೆಂದು ಬಗೆದರೆ ಆಶ್ಚರ್ಯವೇನು? ಕಾಯಿದೆಯ ಮನ್ನಣೆಯುಳ್ಳ ಕಾರ್ಮಿಕ ಸಂಘವು ಸಂಸ್ಥಾನದಲ್ಲಿ ಇಲ್ಲದಿದ್ದ ಆ ಕಾಲದಲ್ಲಿಯೂ ಸಾವಿರಾರು ಮಂದಿ ಒಂದಾಗಿ ಕೆಲಸವನ್ನು ನಿಲ್ಲಿಸಿದರು. ಆ ನಿಯಮವನ್ನು ಸಿಹಿಯಾದ ಶಬ್ದಗಳಲ್ಲಿ ಸಾರಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ನಾವು ಹೇಳೆವು. ಕೆಟ್ಟ ನಿಯಮವು ಒಳ್ಳೆಯ ಭಾಷೆಯಿಂದ ನ್ಯಾಯವಾಗುವುದಿಲ್ಲ. ಆಜ್ಞೆಯು ಹೊರಡುವ ಮುನ್ನವೇ ಕೂಲಿಗಾರರ ಮನಸ್ಸನ್ನರಿತು, “ಇದು ಕೂಡದು” ಎಂದು ಒಡೆಯರ ಸಮ್ಮುಖದಲ್ಲಿ ಹೇಳಬಲ್ಲವನೊಬ್ಬನು ಬೇಕಾಗಿದ್ದನು. ಆ ಒಬ್ಬನೇ ನಿಜವಾದ ಸಂಪರ್ಕಾಧಿಕಾರಿ.

ಈ ವೃತ್ತಿಯು ರೂಪುಗೊಂಡುದು ಗಣಿಗಳ ನೆರಳಿನಲ್ಲಿಯೇ ಎಂಬುದು ಗಮನಾರ್ಹ. 1906ರಲ್ಲಿ ಅಮೆರಿಕೆಯ ಕಲ್ಲಿದ್ದಲು ಗಣಿಗಳ ಮಾಲೀಕರು ಐವಿ ಲೀ ಎಂಬ ಪತ್ರಿಕೋದ್ಯೋಗಿಯನ್ನು ನಿಯಮಿಸಿಕೊಂಡರು. ತನ್ನ ಕೆಲಸವೆಲ್ಲ ಬಹಿರಂಗವಾಗಿ ನಡೆಯುವುದೆಂದೂ, ಪತ್ರಿಕೆಗಳಿಗೆ ನಿಜವಾದ ಸಂಗತಿಗಳನ್ನೇ ಒದಗಿಸುವೆನೆಂದೂ ಅವನು ಘೋಷಿಸಿದನು. ಆದರೆ 1914ರಲ್ಲಿ ಕೊಲೊರಾಡೊ ಪ್ರಾಂತದ ಲಡ್ಲೋ ಎಂಬಲ್ಲಿ ಮುಷ್ಕರಹೂಡಿದ್ದವರ ಡೇರೆಗಳು ಉರಿದು ಹೆಂಗಸರೂ ಮಕ್ಕಳೂ ಮಡಿದ ಮೇಲೆ, ರಾಕ್‌ಫೆಲರ್ ಮನೆತನದ ಪರವಾಗಿ ಅವನು ಹೊರಡಿಸಿದ ಪತ್ರಿಕೆಗಳಲ್ಲಿ ಸುಳ್ಳುಗಳು ಕಂಡುಬಂದವು. ಅಂದು ಅಂಟಿದ ಕಳಂಕವು ಅವನ ಹೆಸರನ್ನು ಇಂದಿಗೂ ಬಿಟ್ಟಿಲ್ಲ. ವರ್ಷಗಳ ಗಳಿಕೆಯನ್ನು ಒಂದು ಸುಳ್ಳು ನುಂಗಿಹಾಕುವುದು.

ನಮ್ಮ ದೇಶದಲ್ಲಿ 1958ರಲ್ಲಿ ಈ ವೃತ್ತಿಯವರ ಸಂಘವೊಂದು ಸ್ಥಾಪಿತವಾಯಿತು. 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನದಲ್ಲಿ ಅದು ನೀತಿಸಂಹಿತೆಯೊಂದನ್ನು ಅಂಗೀಕರಿಸಿತು. ಸಂಹಿತೆಯು ಗೋಡೆಯ ಮೇಲಿದ್ದರೆ ಸಾಲದು; ನಡತೆಯಲ್ಲಿರಬೇಕು.

ಹಾಗಾದರೆ ಹೊಸಬನು ಎಲ್ಲಿಂದ ಆರಂಭಿಸಬೇಕು? ಮೊದಲು ಭಾಷೆಯಿಂದ. ಗಣಿಯ ಕೇರಿಗಳಲ್ಲಿ ತಮಿಳು, ತೆಲುಗು, ಕನ್ನಡಗಳು ಜೊತೆಜೊತೆಯಾಗಿ ಬಾಳುತ್ತಿವೆ. ಇಂಗ್ಲಿಷಿನಲ್ಲಿ ಬರೆದ ಪ್ರಕಟಣೆಯನ್ನು ಹೇಗೋ ಕನ್ನಡಿಸಿ ಹಂಚಿದರೆ ಅದು ಯಾರ ಹೃದಯವನ್ನೂ ಮುಟ್ಟದು. ಎರಡನೆಯದಾಗಿ, ಪ್ರಕಟಣೆಗೆ ಮುಂಚೆ ಸ್ಥಳಕ್ಕೆ ಹೋಗಿ ಕಣ್ಣಾರೆ ಕಾಣಬೇಕು. ಮೂರನೆಯದಾಗಿ, ಪತ್ರಿಕೆಯವರು ಕೇಳಿದುದಕ್ಕೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಂಡು, ಹೇಳಿದ ವೇಳೆಗೆ ವಿಚಾರಿಸಿ ತಿಳಿಸಬೇಕು. ಇವು ಸಣ್ಣ ಕೆಲಸಗಳಾಗಿ ತೋರುವುವು. ಆದರೆ ನಂಬಿಕೆಯು ಬೆಳೆಯುವುದು ಇವುಗಳಿಂದಲೇ.

ಮುಂದಿನ ಏಳಿಗೆಯನ್ನು ಸಂಬಳದಿಂದಲೂ ಪದವಿಯಿಂದಲೂ ಅಳೆಯುವುದು ಲೋಕರೂಢಿ. ನಮ್ಮ ಅಳತೆ ಬೇರೆ. ಆರಂಭದಲ್ಲಿ, ನಿಶ್ಚಯವಾದುದನ್ನು ಸಾರುವ ಕೆಲಸ ಮಾತ್ರ ದೊರೆಯುವುದು. ನಿಶ್ಚಯಮಾಡುವ ಸಭೆಯಲ್ಲಿ ಕುಳಿತು ಜನರ ಅಹವಾಲನ್ನು ಮುಂದಿಡುವ ಅಧಿಕಾರವು ದೊರೆತಾಗಲೇ ಅವನು ಬೆಳೆದನೆನ್ನಬೇಕು.

ಅಂತಹವರ ಅಗತ್ಯವು ಗಣಿನಾಡಿಗೆ ಮತ್ತೆ ಒದಗುತ್ತಲಿದೆ. ಗಣಿಯ ತ್ಯಾಜ್ಯದ 13 ದಿಬ್ಬಗಳಿಂದ ಚಿನ್ನವನ್ನು ತೆಗೆಯಿಸುವ ಕೇಂದ್ರದ ಯೋಜನೆಗೆ ರಾಜ್ಯ ಸರ್ಕಾರವು 2024ರ ಜೂನ್ ತಿಂಗಳಲ್ಲಿ ಸಮ್ಮತಿಸಿತು. ಸುಮಾರು 1,003 ಎಕರೆಗಳಲ್ಲಿ ಹರಡಿರುವ ಈ ಸೈನೈಡ್ ಮಣ್ಣಿನ ಧೂಳನ್ನು ಗಾಳಿ ಎದ್ದಾಗಲೆಲ್ಲ ಉಣ್ಣುವವರು ಅಲ್ಲಿನ ನಿವಾಸಿಗಳು. ದಿಬ್ಬವನ್ನು ಅಗೆದಾಗ ಧೂಳಿನ ಗತಿಯೇನು, ನೀರು ಎಲ್ಲಿಂದ ಬರುವುದು, ಕೆಲಸ ಯಾರಿಗೆ ಸಿಕ್ಕುವುದು ಎಂದು ಅವರು ಕೇಳುವುದು ಸಹಜ. 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಸರ್ಕಾರದ ಸಂಸ್ಥೆಗಳು ಅನೇಕ ವಿಷಯಗಳನ್ನು ಕೇಳುವ ಮುನ್ನವೇ ಪ್ರಕಟಿಸತಕ್ಕುದಾಗಿದೆ. ಆ ಉತ್ತರಗಳನ್ನು ಹೊತ್ತು ಕೇರಿಗೆ ಬರುವವನು ಗಣಿಯ ಕೇರಿಯಲ್ಲಿಯೇ ಹುಟ್ಟಿದವನಾದರೆ ಲೇಸು. ಎರಡು ಕಡೆಗಳಿಗೂ ಅವನು ಸತ್ಯವನ್ನೇ ನುಡಿಯಲಿ. ಸಂಬಳವು ಸಂಸ್ಥೆಯದಾದರೂ ನಂಬಿಕೆಯು ಜನರದು. ಅದನ್ನು ಮಾರಲು ಅವನಿಗೆ ಅಧಿಕಾರವಿಲ್ಲ.